ಒಂದೇ ಕಡೆಯಿಂದ ಕೂಗೋ ಗಂಡು

ಫೆಬ್ರವರಿ 11, 2024
ಮೊಂಟಾನದಿಂದ, ಲೋರೆನ್ ಮಾಮನ ವಾಯ್ಸ್ ನೋಟ್

ಸಿಗ್ನೆ ಪುಟ್ಟಿ, ನಾನು ಕಣೆ, ಮಾಮ. ನಿನ್ನ ಪತ್ರ ಮೂರು ಸಲ ಓದ್ದೆ. ಉತ್ತರ ಬರೆಯೋಣ ಅಂತ ಕೂತ್ರೆ ಈ ಬೆರಳಲ್ಲಿ ಫೋನಿನ ಒಂದು ಅಕ್ಷರ ಒತ್ತಿದ್ರೆ ನಾಲ್ಕು ಬೀಳ್ತವೆ. ಮೂವತ್ತು ವರ್ಷ ಕುದುರೆಗೆ ಲಾಳ ಹೊಡೆದಿರೋ ಬೆರಳು, ಏನ್ ಮಾಡ್ಲಿ. ಅದಕ್ಕೇ ಟ್ರಕ್ಕಲ್ಲಿ ಕೂತು ಮಾತಾಡಿ ಕಳಿಸ್ತಿದ್ದೀನಿ. ನೀನು ಅಲ್ಲಿ ಅಲಾಸ್ಕದ ಮೀನಿನ ಕಾರ್ಖಾನೆಲಿ ಆರು ಜನದ ರೂಮಲ್ಲಿದ್ದೀಯ, ಮಾತಾಡೋಕಾಗಲ್ಲ ಅಂತ ಬರೀತೀಯ. ನಾನು ಬರೆಯೋಕಾಗಲ್ಲ ಅಂತ ಮಾತಾಡ್ತೀನಿ. ಒಳ್ಳೇ ಜೋಡಿ ನಮ್ದು.

ವಿಷಯಕ್ಕೆ ಬರ್ತೀನಿ. ನಿಮ್ಮಪ್ಪನ ಬಿಲ್ಲು ತಗೊಂಡು, ನಿಮ್ಮಪ್ಪ ಹೋದ ಆ ಸ್ಕಿಲೆಟ್ ಹಳ್ಳದ ಕಣಿವೇಲೇ ಒಂದು ಗಂಡು ಎಲ್ಕ್ ಜಿಂಕೆ ಹೊಡೀಬೇಕು, ನಾನು ಜೊತೇಲಿರಬೇಕು, ಅಪ್ಪನ ಕೊನೇ ದಿನ ಹೇಗಿತ್ತು ಅಂತ ಆ ಜಾಗದಲ್ಲೇ ನಿಂತು ಹೇಳಬೇಕು. ಇಷ್ಟೇ ತಾನೆ ನೀನು ಕೇಳಿದ್ದು.

ಕೊನೇ ದಿನದ ಬಗ್ಗೆ ಹೇಳೋಕೆ ಹೊಸದೇನಿಲ್ಲ ಪುಟ್ಟಿ. ಅವತ್ತು ನಿಮ್ಮಮ್ಮ ಬೆವ್ ಅಕ್ಕಂಗೂ ನಿಂಗೂ ಏನು ಹೇಳಿದ್ನೋ ಅದೇ. ಗಾರ್ತ್ ಭಾವ, ಬಿದ್ದಿದ್ದ ಮರವೊಂದನ್ನ ದಾಟುವಾಗ ಜಾರಿದ, ತಲೆ ಕಲ್ಲಿಗೆ ಬಡೀತು, ಅಲ್ಲೇ ಹೋಗ್ಬಿಟ್ಟ. ನೋವು ಗೊತ್ತಾಗೋಕೂ ಪುರುಸೊತ್ತಿರಲಿಲ್ಲ. ನಿಮ್ಮಮ್ಮ ಇವತ್ತಿಗೂ ಆ ಒಂದು ಮಾತು ಹಿಡ್ಕೊಂಡೇ ದಿನ ತಳ್ತಿದ್ದಾಳೆ.

ಪರ್ಮಿಟ್ ವಿಚಾರ ಹೇಳ್ತೀನಿ ಕೇಳು. ಆ ಕಣಿವೆಗೆ ಮಾಮೂಲಿ ಲೈಸೆನ್ಸ್ ಸಾಲಲ್ಲ, ಮೇಲೊಂದು ಪರ್ಮಿಟ್ ಬೇಕು, ಅದನ್ನ ಲಾಟರಿ ಎತ್ತಿ ಕೊಡ್ತಾರೆ. ಏಪ್ರಿಲ್ ಒಂದು ಕೊನೇ ದಿನ. ನೀನು ಹನ್ನೆರಡು ವರ್ಷದವಳಿದ್ದಾಗಿಂದ ಭಾವ ನಿನ್ನ ಹೆಸರಲ್ಲಿ ವರ್ಷಾ ವರ್ಷ ಅರ್ಜಿ ಹಾಕಿ, ಸಿಗದ ವರ್ಷಕ್ಕೊಂದು ಪಾಯಿಂಟ್ ಕಟ್ಕೊಂಡು ಬಂದಿದ್ದ, ಪಾಯಿಂಟ್ ಹೆಚ್ಚಿದ್ದಷ್ಟೂ ಸಿಗೋ ಸಾಧ್ಯತೆ ಚೆನ್ನಾಗಿದೆ. ಆದ್ರೆ ಒಂದ್ಸಲ ಸಿಕ್ತು ಅಂದ್ರೆ ಅಷ್ಟೂ ಪಾಯಿಂಟು ಸೊನ್ನೆಗೆ ಬರುತ್ತೆ. ಮತ್ತೆ ಮೊದಲಿಂದ. ಅದಕ್ಕೇ ಯೋಚನೆ ಮಾಡಿ ಕೇಳು.

ಬಿಲ್ಲಿನ ಪರ್ಮಿಟ್ ಬೇರೆ, ಬಂದೂಕಿನದು ಬೇರೆ. ಬಂದೂಕಿಂದು ಕೇಳು. ಅಕ್ಟೋಬರ್ ಕೊನೆಗೆ ಶುರುವಾಗುತ್ತೆ, ಮೇಲೆ ಹಿಮ ಬಿದ್ದಿರುತ್ತೆ, ಪ್ರಾಣಿ ಕೆಳಗಿಳಿದಿರುತ್ತೆ. ದಿಬ್ಬದ ಮೇಲೆ ಕೂತು ದುರ್ಬೀನಲ್ಲಿ ನೋಡ್ಕೊಂಡಿದ್ರಾಯ್ತು. ಬೆಚ್ಚಗೆ ಕಾಫಿ ಕುಡೀಬಹುದು. ಸೆಪ್ಟೆಂಬರಿನ ಬಿಲ್ಲಿನ ಬೇಟೆ ಅಂದ್ರೆ ಕರಡಿ ಕಾಟ, ಸೊಳ್ಳೆ ಕಾಟ, ಮೂವತ್ತು ಹೆಜ್ಜೆ ಹತ್ರ ಹೋಗಬೇಕು. ಮೊದಲನೇ ಸಲದವರಿಗೆ ಅದಲ್ಲ. ಬಂದೂಕೇ ಕೇಳು. ಅಷ್ಟೇ ನನ್ನ ಮಾತು. ಅಷ್ಟೇ ಅಂದು ಏಳು ನಿಮಿಷ ಆಯ್ತು ನೋಡು.


ಮಾರ್ಚ್ 2, 2024
ಅಲಾಸ್ಕದಿಂದ, ಸಿಗ್ನೆ

ಮಾಮ,

ನಿನ್ನ ನೋಟನ್ನ ಮೀನು ಕುಯ್ಯೋ ಬೆಲ್ಟಿನ ಪಕ್ಕ ನಿಂತು ಕೇಳಿದೆ. ಪಕ್ಕದ ಹುಡುಗಿ, ಯಾರು ಇದು ರೇಡಿಯೋದಲ್ಲಿ ಹವಾಮಾನ ಹೇಳೋರಾ ಅಂದ್ಳು. ನಮ್ಮ ಮಾಮ, ಇನ್ನೂ ಮುಗಿದಿಲ್ಲ ಇರು ಅಂದೆ.

ನಾನು ಬಿಲ್ಲಿನ ಪರ್ಮಿಟ್ಟೇ ಕೇಳ್ತೀನಿ. ಇಪ್ಪತ್ತೇಳು ವರ್ಷ ನನಗೆ. ಇಲ್ಲಿ ಹದಿನಾರು ಗಂಟೆ ನಿಂತು ಕೆಲಸ ಮಾಡ್ತೀನಿ, ಸೊಳ್ಳೆಗೆ ಹೆದರ್ತೀನಿ ಅಂದ್ಕೊಂಡ್ಯಾ? ಹುಡುಗಿ ಕೈಲಿ ಆಗಲ್ಲ ಅಂತಿದ್ರೆ ಅದನ್ನೇ ನೇರವಾಗಿ ಹೇಳು, ಕರಡಿ ಹೆಸರು ಹೇಳಬೇಡ. ಅಪ್ಪ ಸೆಪ್ಟೆಂಬರ್ ಅಂದ್ರೆ ಪ್ರಾಣ ಬಿಡ್ತಿದ್ದ. ನೀನೂ ಬಿಡ್ತಿದ್ದೆ. ಈಗ ದಿಬ್ಬದ ಮೇಲೆ ಕೂತು ಕಾಫಿ ಕುಡಿ ಅಂತೀಯ. ಹೋದ ಸೆಪ್ಟೆಂಬರಲ್ಲಿ ನೀನು ಊರಲ್ಲೇ ಇರಲಿಲ್ಲವಂತೆ, ಅಮ್ಮ ಹೇಳಿದ್ಲು.

ಅಮ್ಮ ಅಪ್ಪನ ಸಾಮಾನಿನ ಪೆಟ್ಟಿಗೆ ಕಳಿಸಿದ್ದಾಳೆ. ಅದರಲ್ಲಿ ಚಿಕ್ಕ ಹಳದಿ ಪುಸ್ತಕ ಇದೆ, ಗಾಳಿ, ತಿಂಗಳು, ಹೆಜ್ಜೆ ಗುರುತು ಅಂತ ಏನೇನೋ. ಒಂದು ಪುಟದಲ್ಲಿ ಹೀಗಿದೆ: "ಒಂದೇ ಕಡೆಯಿಂದ ಕೂಗೋ ಗಂಡು ಹತ್ರ ಬರಲ್ಲ. ಸಂಜೆ ಅದರ ಹಿಂದೆ ಹೋಗಬೇಡ. ಬಿಟ್ಟು ಬಾ, ಬೆಳಗ್ಗೆ ಹೋಗು." ಕೆಳಗೆ ನಿನ್ನ ಹೆಸರು, ಲೋರೆನ್ ಹೇಳಿದ್ದು ಅಂತ. ಯಾಕೆ ಮಾಮ? ಹಾಗೆ ಯಾಕೆ ಬಿಟ್ಟು ಬರಬೇಕು?

ಸಿಗ್ನೆ


ಮಾರ್ಚ್ 17, 2024
ಲೋರೆನ್ ಮಾಮನ ವಾಯ್ಸ್ ನೋಟ್

ಹುಡುಗಿ ಅಂತ ಅಲ್ಲ ಕಣಮ್ಮ. ನಿಮ್ಮಜ್ಜಿ ಗರ್ಭಿಣಿಯಾಗಿದ್ದಾಗ ಎಲ್ಕ್ ಹೊಡೆದು ಹಿಮದ ಮೇಲೆ ಸ್ಲೆಡ್ಜ್ ಗಾಡೀಲಿ ಎಳ್ಕೊಂಡು ಬಂದೋಳು. ಆ ಹೊಟ್ಟೇಲಿದ್ದೋನೇ ನಾನು. ನನ್ನ ಮುಂದೆ ಆ ಮಾತು ಆಡಬೇಡ.

ಸರಿ, ಬಿಲ್ಲೇ ಅಂತಿದ್ರೆ ಪಾಠ ಶುರು ಮಾಡ್ತೀನಿ. ಗಾಳಿ. ಮಿಕ್ಕಿದ್ದೆಲ್ಲ ಆಮೇಲೆ. ಅದರ ಕಣ್ಣಿಗೆ ಮೋಸ ಮಾಡಬಹುದು, ಕಿವಿಗೆ ಮೋಸ ಮಾಡಬಹುದು, ಮೂಗಿಗೆ ಆಗಲ್ಲ. ಬಿಸಿಲೇರ್ತಾ ಗಾಳಿ ಕಣಿವೆಯಿಂದ ಮೇಲಕ್ಕೆ ಏರುತ್ತೆ, ಸಂಜೆ ತಣ್ಣಗಾಗ್ತಿದ್ದಂಗೆ ಕೆಳಕ್ಕೆ ಇಳಿಯುತ್ತೆ, ನೀರು ಇಳಿದ ಹಾಗೆ. ಸಂಜೆ ನೀನು ದಿಬ್ಬದ ಮೇಲಿದ್ದು ಅದು ಕೆಳಗಿದ್ರೆ ನೀನು ಬೆಳಗ್ಗೆ ತಿಂದ ಈರುಳ್ಳಿ ಯಾವ ತೋಟದ್ದು ಅಂತಾನೂ ಅದಕ್ಕೆ ಗೊತ್ತಾಗುತ್ತೆ.

ಎರಡನೇದು, ಗಂಡನ್ನ ಹುಡುಕಬೇಡ. ಹೆಣ್ಣನ್ನ ಹುಡುಕು. ಸೆಪ್ಟೆಂಬರಲ್ಲಿ ಬೆದೆಗಾಲ, ಹೆಣ್ಣಿರೋ ಕಡೆ ಗಂಡು ತಾನಾಗೇ ಇರುತ್ತೆ. ಹಿಂಡು ನಡೆಸೋಳು ಮುದುಕಿ ಹೆಣ್ಣು, ಅವಳು ಎಲ್ಲಿಗೆ ಅಂದ್ರೆ ಅಲ್ಲಿಗೆ. ಗಂಡು ಹಿಂದೆ ಹಿಂದೆ ಕಹಳೆ ಊದಿದ ಹಾಗೆ ಕೂಗ್ಕೊಂಡು ತಾನೇ ಯಜಮಾನ ಅಂದ್ಕೊಂಡಿರುತ್ತೆ. ಭಾವ ಹೇಳ್ತಿದ್ದ, ಇದನ್ನ ನೋಡೋಕೆ ಕಾಡಿಗೆ ಯಾಕೋ ಬರಬೇಕು, ಮನೇಲೇ ಇದೆಯಲ್ಲ ಅಂತ.

ಮೂರನೇದು ಕೆಸರು ಹೊಂಡ. ಬೆದೆಗೆ ಬಂದ ಗಂಡು ಅದರಲ್ಲಿ ಹೊರಳಾಡಿ ಮೈಗೆಲ್ಲ ಬಳ್ಕೊಳ್ಳುತ್ತೆ. ಹೊಂಡದ ನೀರು ಕಲಕಿದ್ರೆ ಈಗಷ್ಟೇ ಬಂದು ಹೋಗಿದೆ ಅಂತ. ನಾಲ್ಕನೇದು, ಹೊಡೆದ ತಕ್ಷಣ ಪರ್ಮಿಟ್ಟಿಗೆ ತಾರೀಕು ಹಾಕು, ಆಮೇಲೆ ಅಳು, ಆಮೇಲೆ ನಗು. ಮಾಂಸದಲ್ಲಿ ತಿನ್ನೋ ಅಂಥ ಒಂದು ತುಂಡೂ ಕಾಡಲ್ಲಿ ಬಿಟ್ಟು ಬರೋ ಹಾಗಿಲ್ಲ. ಅದು ಕಾನೂನು. ಕಾನೂನು ಇಲ್ಲದಿದ್ರೂ ಬಿಡಬಾರದು.

ಮಕ್ಕಳಿಗೆ ಬೇಟೆ ಸುರಕ್ಷತೆ ಪಾಠ ಹೇಳ್ತಿದ್ನಲ್ಲ, ಹನ್ನೊಂದು ವರ್ಷ, ಅದು ಬಿಟ್ಟೆ. ಮಂಡಿ ನೋವು, ನಿಂತ್ಕೊಳ್ಳೋಕಾಗಲ್ಲ. ಲಾಳ ಹೊಡೆಯೋಕೆ ನಿಲ್ತೀಯಲ್ಲ ಅಂತ ನಿಮ್ಮಮ್ಮ ಕೇಳಿದ್ಲು. ಅದು ಬಗ್ಗಿ ನಿಲ್ಲೋದು, ಬೇರೆ ಅಂದೆ.

ಇನ್ನೇನೋ ಕೇಳಿದ್ದೆ ನೀನು. ಏನೋ ಪುಸ್ತಕದ್ದು. ಲಾಳಕ್ಕೆ ಕುದುರೆ ಬಂತು ನೋಡು, ಇಡ್ತೀನಿ.


ಏಪ್ರಿಲ್ 20, 2024
ಸಿಗ್ನೆ

ಮಾಮ,

ಸಿಕ್ತು. ಬಿಲ್ಲಿನ ಪರ್ಮಿಟ್, ಸ್ಕಿಲೆಟ್ ಹಳ್ಳ, ನನ್ನ ಹೆಸರು. ಹದಿನಾಲ್ಕು ವರ್ಷ ಅಪ್ಪ ಕಟ್ಟಿದ ಪಾಯಿಂಟೆಲ್ಲ ಖಾಲಿ. ಹೀಗೆ ಮತ್ತೆ ಸಿಗೋ ಹೊತ್ತಿಗೆ ನನಗೂ ನಿನ್ನ ಹಾಗೆ ಮಂಡಿ ನೋವು ಬಂದಿರುತ್ತೆ.

ಒಂದೇ ಅರ್ಜೀಲಿ ನಿನ್ನ ಹೆಸರೂ ಹಾಕೋಣ, ಅಪ್ಪನೂ ನೀನೂ ಹಾಕ್ತಿದ್ದ ಹಾಗೆ ಅಂತ ಮಾರ್ಚ್ ಕೊನೇಲಿ ನಾಲ್ಕು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಅದಕ್ಕೆ ಒಬ್ಬಳೇ ಹಾಕಿದೆ. ನೀನು ಬೇಟೆ ಆಡಬೇಡ, ಬಂದು ಜೊತೇಲಿರು ಸಾಕು.

ಪುಸ್ತಕದ ಪ್ರಶ್ನೆಗೆ ಉತ್ತರ ಇನ್ನೂ ಬಂದಿಲ್ಲ.

ಸಿಗ್ನೆ


ಏಪ್ರಿಲ್ 28, 2024
ಲೋರೆನ್ ಮಾಮನ ವಾಯ್ಸ್ ನೋಟ್

ಒಳ್ಳೇದಾಯ್ತು ಪುಟ್ಟಿ. ಒಳ್ಳೇದಾಯ್ತು.

ಒಂದು ಮಾತು. ಪರ್ಮಿಟ್ ಬೇಡ ಅನ್ನಿಸಿದ್ರೆ ಸೀಸನ್ನಿಗೆ ಮೊದಲೇ ವಾಪಸ್ ಕೊಡೋಕೆ ಏನಾದ್ರೂ ದಾರಿ ಇದೆಯಾ ಅಂತ ಆಫೀಸಲ್ಲಿ ವಿಚಾರಿಸ್ತೀನಿ. ಕೊಡು ಅಂತಲ್ಲ. ಗೊತ್ತಿರಲಿ ಅಂತ.

ಇವತ್ತು ಏನಾಯ್ತು ಗೊತ್ತಾ. ಹೆಲ್ಗಾ ಬ್ರೇಕಳ ಕುದುರೆ ಫಾರ್ಮಲ್ಲಿ ಕುದುರೆ ಕಾಲು ಮಡಿಲಲ್ಲಿಟ್ಕೊಂಡು ಮೊಳೆ ಹೊಡೀತಿದ್ದೆ. ಬೆಳಗ್ಗೆ ಹತ್ತು ಗಂಟೆ, ಒಳ್ಳೇ ಬಿಸಿಲು. ಕಹಳೆ ಕೇಳಿಸ್ತು. ಏಪ್ರಿಲಲ್ಲಿ. ಏಪ್ರಿಲಲ್ಲಿ ಗಂಡು ಎಲ್ಕಿಗೆ ತಲೆ ಮೇಲೆ ಕೊಂಬೇ ಇರಲ್ಲ, ಉದುರಿರುತ್ತೆ, ಕೂಗೋ ಮಾತೆಲ್ಲಿ ಬಂತು. ನಾನು ಸುತ್ತಿಗೆ ಕೆಳಗಿಟ್ಟೆ. ಹೆಲ್ಗಾ, "ಏನಾಯ್ತೋ, ನನಗೆ ಹಾಕೋ ಬಿಲ್ ನೆನೆಸ್ಕೊಂಡು ನಿಂಗೇ ನಾಚಿಕೆ ಆಯ್ತಾ?" ಅಂದ್ಳು. "ಏನಾದ್ರೂ ಕೇಳಿಸ್ತಾ ನಿಂಗೆ?" ಅಂದೆ. "ನನಗೆ ನನ್ನ ಗಂಡನ ಮಾತೇ ಕೇಳಿಸಲ್ಲ" ಅಂದ್ಳು. ನಕ್ಕೆ. ಆದ್ರೆ ಕುದುರೆ ಮಾತ್ರ ಕಿವಿ ನೆಟ್ಟಗೆ ಮಾಡಿ ಗುಡ್ಡದ ಕಡೆ ನೋಡ್ತಾ ಇತ್ತು ಸಿಗ್ನೆ. ನಾನು ಕಾಲು ಬಿಟ್ರೂ ಅದು ಕೆಳಗಿಡಲಿಲ್ಲ.

ಹೋಗಲಿ ಬಿಡು. ಬಿಸಿಲಿಗೆ ಆಗಿರಬೇಕು. ಚೆನ್ನಾಗಿ ಊಟ ಮಾಡು.


ಮೇ 19, 2024
ಸಿಗ್ನೆ

ಮಾಮ,

ಇದನ್ನ ಫೆಬ್ರವರೀಲೇ ಬರೀಬೇಕಿತ್ತು. ನೀನಾಗೇ ಹೇಳ್ತೀಯ ಅಂತ ಕಾದೆ. ಎರಡು ವರ್ಷದಿಂದ ಕಾಯ್ತಿದ್ದೀನಿ ಅಂದ್ರೂ ಸರಿ.

ಅಪ್ಪನ ಶವಪರೀಕ್ಷೆ ವರದಿ ನಾನು ತರಿಸ್ಕೊಂಡು ಓದಿದ್ದೀನಿ. ಅಮ್ಮ ಓದಿಲ್ಲ, ಓದಲ್ಲ. ಅದರಲ್ಲಿ ತಲೆಗೆ ಪೆಟ್ಟು ಅಂತ ಎಲ್ಲೂ ಇಲ್ಲ. ಬಲಗಾಲಿನ ತೊಡೆ ಮೂಳೆ ಮುರಿದಿತ್ತು. ಸತ್ತಿದ್ದು ಚಳಿಗೆ, ಬೆಳಗಿನ ಜಾವ. ಮೂಳೆ ಮುರಿದಿದ್ದು ಹಿಂದಿನ ದಿನ ಮಧ್ಯಾಹ್ನ. ಹನ್ನೆರಡು ಗಂಟೆ ಮಾಮ. ಅಪ್ಪ ಹನ್ನೆರಡು ಗಂಟೆ ಬದುಕಿದ್ದ. "ಅಲ್ಲೇ ಹೋಗ್ಬಿಟ್ಟ" ಅಂತ ನೀನು ಅಮ್ಮನ ಕೈ ಹಿಡ್ಕೊಂಡು ಹೇಳಿದೆ, ನಾನು ಪಕ್ಕದಲ್ಲೇ ಇದ್ದೆ.

ಅವತ್ತಿಂದ ನಾನು ಏನಂದ್ಕೊಂಡಿದ್ದೀನಿ ಹೇಳ್ಲಾ? ನೀವಿಬ್ರೂ ಜಗಳ ಆಡಿದ್ರಿ. ನೀನು ಕುಡಿದಿದ್ದೆ. ಬಿಟ್ಟು ಬಂದು ಟೆಂಟಲ್ಲಿ ಮಲಗ್ಬಿಟ್ಟೆ. ಇಲ್ಲದಿದ್ರೆ ಸುಳ್ಳು ಯಾಕೆ ಹೇಳ್ತೀಯ.

ನನಗೆ ಎಲ್ಕ್ ಬೇಕಿಲ್ಲ. ಅಲ್ಲಿ ಏನಾಯ್ತು ಅನ್ನೋದು ಬೇಕು. ಆ ಕಣಿವೆಗೆ ನಿನ್ನನ್ನ ಕರ್ಕೊಂಡು ಹೋಗೋಕೆ ನನ್ನ ಹತ್ರ ಇದ್ದ ದಾರಿ ಅದೊಂದೇ, ಅದಕ್ಕೇ ಪರ್ಮಿಟ್ ಹಾಕಿದೆ.

ಸಿಗ್ನೆ


ಜೂನ್ 30, 2024
ಲೋರೆನ್ ಮಾಮನ ವಾಯ್ಸ್ ನೋಟ್

ಆರು ವಾರ ಆಯ್ತು, ಗೊತ್ತು. ಎಂಟು ಸಲ ರೆಕಾರ್ಡ್ ಮಾಡಿ ಅಳಿಸಿದ್ದೀನಿ. ಇದನ್ನ ಅಳಿಸಲ್ಲ. ಸ್ಕಿಲೆಟ್ ಹಳ್ಳಕ್ಕೆ ಹೋಗೋ ಮಣ್ಣು ರಸ್ತೆ ಮುಗಿಯುತ್ತಲ್ಲ, ಅಲ್ಲಿ ಟ್ರಕ್ ನಿಲ್ಲಿಸ್ಕೊಂಡಿದ್ದೀನಿ. ಇಳಿದಿಲ್ಲ.

ಜಗಳ ಆಡಿರಲಿಲ್ಲ ಪುಟ್ಟಿ. ಕುಡಿದಿರಲಿಲ್ಲ. ಕುಡಿದಿದ್ರೆ ಎಷ್ಟೋ ವಾಸಿ ಇತ್ತು, ಹೇಳೋಕೊಂದು ಕಾರಣ ಇರ್ತಿತ್ತು.

2022, ಸೆಪ್ಟೆಂಬರ್ ಹದಿನಾಲ್ಕು. ಬೆಳಗ್ಗೆ ಭಾವ ಒಳ್ಳೇ ಖುಷೀಲಿದ್ದ. ಎಲ್ಕ್ ಥರ ಕೂಗೋಕೆ ಇಬ್ರ ಹತ್ರಾನೂ ಒಂದೊಂದು ಕೊಳವೆ ಇತ್ತಲ್ಲ, ನಾನು ನನ್ನದನ್ನ ಊದಿ ಅಭ್ಯಾಸ ಮಾಡ್ತಿದ್ರೆ, "ನಿನ್ನ ಕೂಗಿಗೆ ಹೆಣ್ಣು ಎಲ್ಕ್ ಬರಲ್ಲ ಕಣೋ, ದನದ ಡಾಕ್ಟ್ರು ಬರ್ತಾರೆ" ಅಂದ. "ನಿನ್ನ ಕೂಗಿಗೆ ಅಕ್ಕ ಒಬ್ಬಳೇ ಮೋಸ ಹೋಗಿದ್ದು" ಅಂದೆ. ಆಮೇಲೆ ಬೇರೆ ಬೇರೆ ಹೋದ್ವಿ. ಅವನು ಕೆಳಗೆ ದಟ್ಟ ಫರ್ ಮರದ ಕಾಡಿಗೆ, ನಾನು ದಿಬ್ಬದ ಮೇಲೆ. ಕತ್ತಲಾಗೋ ಹೊತ್ತಿಗೆ ಟೆಂಟಲ್ಲಿ ಸೇರೋದು ಅಂತ. ಸಿಗ್ನಲ್ ಇಲ್ಲದ ಕಡೆಯಿಂದ ಸಹಾಯ ಕರೆಯೋ ಆ ಸ್ಯಾಟಲೈಟ್ ಯಂತ್ರ ಟ್ರಕ್ಕಲ್ಲೇ ಚಾರ್ಜಿಗೆ ಇತ್ತು. ಅದು ನನ್ನದು, ತರೋಕೆ ಮರೆತಿದ್ದು ನಾನು.

ಸಂಜೆ ಐದೂವರೆ ಹೊತ್ತಿಗೆ ಕೆಳಗಿಂದ ಕಹಳೆ ಕೇಳಿಸ್ತು. ಒಡೆದ ಕೂಗು, ಮೇಲಕ್ಕೆ ಏರೋಕೆ ಹೋಗಿ ಮಧ್ಯದಲ್ಲೇ ಬಿದ್ದು ಹೋಗೋದು. ನಾನೇನಂದ್ಕೊಂಡೆ ಗೊತ್ತಾ. ಮುದಿ ಗಂಡು. ವರ್ಷಗಟ್ಟಲೆ ಕೂಗಿ ಗಂಟಲು ಹೋಗಿರೋದು. ದೊಡ್ಡದು. ಮೈ ಜುಂ ಅಂತು. ನಾನು ಒಂದ್ಸಲ ಉತ್ತರ ಕೊಟ್ಟೆ ಸಿಗ್ನೆ. ಊದಿ ಉತ್ತರ ಕೊಟ್ಟೆ. ತಕ್ಷಣ ಕೆಳಗಿಂದ ಮತ್ತೆ ಕೂಗು, ಜೋರಾಗಿ, ಆತುರವಾಗಿ. ಒಳ್ಳೇ ಸಿಟ್ಟು ಬಂದಿದೆ ಅದಕ್ಕೆ ಅಂದ್ಕೊಂಡು ಸುಮ್ಮನಾದೆ. ಸುಮ್ಮನಾದ್ರೆ ಅದಾಗೇ ಹುಡುಕ್ಕೊಂಡು ಬರುತ್ತೆ ಅಂತ ಲೆಕ್ಕ.

ಬರಲಿಲ್ಲ. ಒಂದೇ ಕಡೆಯಿಂದ ಕೂಗ್ತಾ ಇತ್ತು. ಗಾಳಿ ಕೆಳಕ್ಕೆ ಇಳೀತಿತ್ತು. ಈಗ ಹೋದ್ರೆ ನನ್ನ ವಾಸನೆಗೆ ಓಡಿ ಹೋಗುತ್ತೆ, ಬೆಳಗ್ಗೆ ಬರೋಣ ಅಂತ ಎದ್ದೆ. ನಾನೇ ಹೇಳಿಕೊಟ್ಟ ಪಾಠ, ನಿಮ್ಮಪ್ಪ ಬರ್ಕೊಂಡಿದ್ದ. ಬೆನ್ನು ತಿರುಗಿಸುವಾಗ ಮೆಲ್ಲಗೆ ಅಂದೆ ಬೇರೆ, "ನಾಳೆ ಸಿಕ್ತೀನಿ ಇರು" ಅಂತ.

ಮೂರು ಸಲ ಕೂಗೋದು, ನಿಲ್ಲಿಸೋದು. ಮತ್ತೆ ಮೂರು ಸಲ. ನಾನು ಎಣಿಸಿದ್ದೆ ಸಿಗ್ನೆ. ಎಣಿಸಿಯೂ ತಲೆಗೆ ಹೋಗಲಿಲ್ಲ. ಹನ್ನೊಂದು ವರ್ಷ ಮಕ್ಕಳಿಗೆ ಬೋರ್ಡ್ ಮೇಲೆ ಬರೆದು ಹೇಳಿದ್ದೀನಿ, ಕಾಡಲ್ಲಿ ಕಷ್ಟಕ್ಕೆ ಸಿಕ್ಕಿದ್ರೆ ಮೂರು. ಮೂರು ಗುಂಡು, ಮೂರು ಸೀಟಿ, ಮೂರು ಬೆಂಕಿ. ಹಳ್ಳದ ಸದ್ದಲ್ಲಿ ಮನುಷ್ಯನ ಗಂಟಲು ದಿಬ್ಬದವರೆಗೆ ಕೇಳಲ್ಲ, ಕೊಳವೆ ಕೇಳುತ್ತೆ, ನಿಮ್ಮಪ್ಪಂಗೆ ಅಷ್ಟು ಬುದ್ಧಿ ಇತ್ತು. ಅವನು ಕೂಗಿದ್ದು ನನ್ನನ್ನೇ. ನಾನು ಉತ್ತರ ಕೊಟ್ಟಾಗ ಅವನೇನಂದ್ಕೊಂಡಿರಬೇಕು. ಲೋರೆನ್ ಬಂದ ಅಂದ್ಕೊಂಡಿರಬೇಕು.

ಟೆಂಟಲ್ಲಿ ಅವನಿರಲಿಲ್ಲ. ಏನಾದ್ರೂ ಹೊಡೆದು ರಕ್ತದ ಜಾಡು ಹಿಡಿದು ಹೋಗಿದ್ದಾನೆ, ಅಲ್ಲೇ ಬೆಂಕಿ ಹಾಕ್ಕೊಂಡಿರ್ತಾನೆ ಅಂದ್ಕೊಂಡೆ. ಎಷ್ಟೋ ಸಲ ಹಾಗೆ ಮಾಡಿದ್ದ. ಹಿಮ ಬಿತ್ತು. ಬೆಳಗ್ಗೆ ಕೂಗಿಲ್ಲ. ನಾನು ಆ ಮುದಿ ಗಂಡನ್ನ ಹುಡುಕ್ಕೊಂಡು ಇಳಿದೆ. ಬಿಲ್ಲಿಗೆ ಬಾಣ ಹೂಡ್ಕೊಂಡು, ಸದ್ದಾಗದ ಹಾಗೆ, ಗಾಳಿ ನೋಡ್ಕೊಂಡು. ಬಿಲ್ಲು ಹಿಡ್ಕೊಂಡೇ ಅವನ ಮುಂದೆ ಹೋಗಿ ನಿಂತೆ.

ಕೊಳವೆ ಅವನ ಕೈಲಿತ್ತು. ಬಾಯಿಡೋ ಕಡೆ ತುಟಿಯ ರಕ್ತ ಇತ್ತು. ನಾನು ಅದನ್ನ ಬಿಡಿಸಿ, ಹಿಮದಲ್ಲಿ ಒರೆಸಿ, ಅವನ ಚೀಲದೊಳಗೆ ಇಟ್ಟೆ. ಆಮೇಲೆ ಸಹಾಯ ಕರೆಯೋಕೆ ಹೋದೆ. ಬಂದವರಿಗೆ ನಾನು ಕೂಗು ಕೇಳಿದ್ದು ಹೇಳಲಿಲ್ಲ, ಅವರು ಕೇಳಲೂ ಇಲ್ಲ. ಅಕ್ಕ ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳಿದ್ಲು, "ಒದ್ದಾಡಿದ್ರೇನೋ?" ಅಂತ. ಇಲ್ಲ ಅಂದೆ.

ಅಷ್ಟೇ.


ಆಗಸ್ಟ್ 10, 2024
ಲೋರೆನ್ ಮಾಮನ ವಾಯ್ಸ್ ನೋಟ್

ಉತ್ತರ ಬಂದಿಲ್ಲ. ಬರಬೇಕು ಅಂತಾನೂ ಇಲ್ಲ. ನೀನು ಯಾರ ಜೊತೆ ಹೋದ್ರೂ ಸರಿ, ಇಷ್ಟು ಕೇಳಿಸ್ಕೋ.

ಸೀಸನ್ ಸೆಪ್ಟೆಂಬರ್ ಏಳಕ್ಕೆ ಶುರು. ಮೊದಲ ವಾರ ಬಿಸಿಲು, ಪ್ರಾಣಿ ಅಲ್ಲಾಡಲ್ಲ. ಎರಡನೇ ವಾರ ನೋಡ್ಕೋ. ಸ್ಯಾಟಲೈಟ್ ಯಂತ್ರ ಎದೆ ಜೇಬಲ್ಲಿರಲಿ. ಚೀಲದಲ್ಲಲ್ಲ, ಟ್ರಕ್ಕಲ್ಲಲ್ಲ, ಎದೆ ಮೇಲೆ. ಕರಡಿಗೆ ಹೊಡೆಯೋ ಖಾರದ ಡಬ್ಬಿ ಸೊಂಟಕ್ಕೆ. ಉಣ್ಣೆ ಬಟ್ಟೆ ಎರಡು ಜೊತೆ. ಬಿದ್ದ ಮರ ದಾಟುವಾಗ ಕೂತು ದಾಟು, ಯಾರೂ ನೋಡ್ತಿರಲ್ಲ, ನಾಚಿಕೆ ಬೇಡ.

ಪರ್ಮಿಟ್ ವಾಪಸ್ ಕೊಡು ಅಂತ ಹೇಳಲ್ಲ ಇನ್ನು. ಅದು ನಿಮ್ಮಪ್ಪ ನಿನಗೆ ಕೊಟ್ಟಿದ್ದು.


ಆಗಸ್ಟ್ 24, 2024
ಸಿಗ್ನೆ

ಮಾಮ,

ಸೆಪ್ಟೆಂಬರ್ ಹನ್ನೆರಡಕ್ಕೆ ಬರ್ತೀನಿ. ಏರ್‌ಪೋರ್ಟಿಗೆ ಬಾ. ದಾರೀಲಿ ಅದರ ಬಗ್ಗೆ ಮಾತಾಡಬೇಡ, ನನಗೆ ಇನ್ನೂ ಆಗಲ್ಲ. ನಿನ್ನ ನೋಟ್ ಅರ್ಧ ಕೇಳಿ ಕಾರ್ಖಾನೆಯಿಂದ ಆಚೆ ಹೋಗಿ ಸಮುದ್ರದ ಹತ್ರ ನಿಂತಿದ್ದೆ. ಮಿಕ್ಕಿದ್ದು ಕೇಳೋಕೆ ಹತ್ತು ದಿನ ಆಯ್ತು.

ಹದಿನಾಲ್ಕಕ್ಕೆ ನೀನು ದಿಬ್ಬದ ಮೇಲೆ ಕೂರಬೇಕು, ಅವತ್ತು ಕೂತಿದ್ದಲ್ಲೇ. ನಾನು ಕೆಳಗೆ ಕೆಸರು ಹೊಂಡದ ಹತ್ರ ಇರ್ತೀನಿ. ಕೊಳವೆ ತರಲ್ಲ. ನಾನು ಕೂಗಲ್ಲ. ನೀನೂ ಕೂಗಬೇಡ. ಶಿಕ್ಷೆ ಅಂದ್ಕೊಂಡ್ರೆ ಅಂದ್ಕೋ. ಅವತ್ತು ಮೇಲಿಂದ ಏನು ಕೇಳ್ತಿತ್ತು, ಕೆಳಗಿಂದ ಏನು ಕಾಣ್ತಿತ್ತು ಅಂತ ನನಗೆ ಗೊತ್ತಾಗಬೇಕು.

ಸಿಗ್ನೆ


ಸೆಪ್ಟೆಂಬರ್ 14, 2024
ದಿಬ್ಬದ ಮೇಲಿಂದ, ಲೋರೆನ್ ಮಾಮನ ವಾಯ್ಸ್ ನೋಟ್

ಮೆಲ್ಲಗೆ ಮಾತಾಡ್ತಿದ್ದೀನಿ. ಇಲ್ಲಿ ಸಿಗ್ನಲ್ ಇಲ್ಲ, ಕೆಳಗಿಳಿದ ಮೇಲೆ ಹೋಗುತ್ತೆ ಇದು. ಟ್ರಕ್ಕಲ್ಲಿ ನೀನು ಮಾತಾಡಬೇಡ ಅಂದೆ, ಮಾತಾಡಲಿಲ್ಲ. ಇನ್ನೂರು ಮೈಲಿ ನಾನು ಬಾಯಿ ಮುಚ್ಚಿದ್ದು ಇದೇ ಮೊದಲು.

ಐದು ಗಂಟೆ. ಬಿಸಿಲು ಎದುರು ಗುಡ್ಡದ ನೆತ್ತೀಲಿದೆ. ಕೆಳಗೆ ಫರ್ ಕಾಡು ಆಗಲೇ ಕಪ್ಪಾಗಿದೆ. ಅಲ್ಲೆಲ್ಲೋ ನೀನಿದ್ದೀಯ. ಕಾಣಲ್ಲ. ಗಾಳಿ ತಿರುಗ್ತಾ ಇದೆ, ಕತ್ತಿನ ಹಿಂದೆ ತಣ್ಣಗೆ ಆಯ್ತು ಈಗ.

ಇಲ್ಲಿಂದ ಏನು ಕೇಳುತ್ತೆ ಅಂತ ಕೇಳಿದ್ಯಲ್ಲ. ಹಳ್ಳದ ಸದ್ದು. ಒಂದು ಮರಕುಟಿಗ. ಮತ್ತೆ ನನ್ನ ಉಸಿರು.

ಇರು.

ಒಂದು. ಕೇಳಿಸ್ತಾ ನಿಂಗೆ? ನೀನು ಕೊಳವೆ ತಂದಿಲ್ಲ ತಾನೆ. ತರಲ್ಲ ಅಂದಿದ್ದೆ. ಬೇರೆ ಗಂಡಿರಬೇಕು. ಸೆಪ್ಟೆಂಬರ್, ಇದ್ದೇ ಇರುತ್ತೆ.

ಎರಡು.

ಅದೇ ಕಡೆಯಿಂದ. ಸಿಗ್ನೆ, ಅದೇ ಕಡೆಯಿಂದ. ಅದೇ ಒಡೆದ ಗಂಟಲು. ಬೇಡಪ್ಪ. ಮೂರನೇದು ಬೇಡ. ಸುಮ್ಮನಿರು, ನಾನು ಇಲ್ಲೇ…


ಅಕ್ಟೋಬರ್ 6, 2024
ಅಲಾಸ್ಕದಿಂದ, ಸಿಗ್ನೆ

ಮಾಮ,

ನಿನ್ನ ಆ ನೋಟನ್ನ ಎಷ್ಟು ಸಲ ಕೇಳಿದ್ದೀನೋ ಲೆಕ್ಕ ಇಲ್ಲ. ಹೆಡ್‌ಫೋನ್ ಹಾಕ್ಕೊಂಡು, ಜೋರಾಗಿಟ್ಕೊಂಡು. ಅದರಲ್ಲಿ ಕಹಳೆ ಇಲ್ಲ. ಹಳ್ಳ ಇದೆ, ಹಕ್ಕಿ ಕುಟ್ಟೋದಿದೆ, ನಿನ್ನ ಉಸಿರಿದೆ. ನೀನು ಒಂದು ಅಂತೀಯ, ಎರಡು ಅಂತೀಯ, ನಡುವೆ ಏನೂ ಇಲ್ಲ. ಆಮೇಲೆ ಫೋನ್ ಬಿದ್ದ ಸದ್ದು.

ವಾಪಸ್ ಬರುವಾಗ ಟ್ರಕ್ಕಲ್ಲಿ ನೀನು ಹತ್ತು ಸಲ ಕ್ಷಮಿಸು ಅಂದೆ. ಎಲ್ಕನ್ನ ಓಡಿಸ್ಬಿಟ್ಟೆ, ನಿನ್ನ ಪರ್ಮಿಟ್ ಹಾಳು ಮಾಡ್ದೆ ಅಂತ. ನಾನು ಮಾತಾಡಲಿಲ್ಲ. ಸಿಟ್ಟು ಅಂದ್ಕೊಂಡಿದ್ದೀಯ. ಸಿಟ್ಟಲ್ಲ. ಕಂಡಿದ್ದನ್ನ ಹೇಗೆ ಹೇಳೋದು ಅಂತ ಗೊತ್ತಾಗಲಿಲ್ಲ. ಈಗ ಬರೀತೀನಿ.

ಐದು ಗಂಟೆಗೆ ಮೊದಲೇ ಹೊಂಡಕ್ಕೆ ಗಂಡು ಬಂದಿತ್ತು. ದೊಡ್ಡದು, ಒಂದೊಂದು ಕೊಂಬಿಗೆ ಆರು ಕವಲು, ಹೊಟ್ಟೆವರೆಗೆ ಕೆಸರು. ಇಪ್ಪತ್ತೈದು ಹೆಜ್ಜೆ. ಅಪ್ಪನ ಬಿಲ್ಲು ನಾನು ಪೂರ್ತಿ ಎಳೆದಿದ್ದೆ. ಆಗ ಕಹಳೆ ಕೇಳಿಸ್ತು ಮಾಮ. ನನಗೂ ಕೇಳಿಸ್ತು. ನನ್ನ ಎದುರಿಗಿದ್ದ ಗಂಡಿನ ಬಾಯಿ ಮುಚ್ಚಿತ್ತು, ಮೂತಿಯಿಂದ ನೀರು ತೊಟ್ಟಿಕ್ತಿತ್ತು. ಅದೂ ತಲೆ ಎತ್ತಿ ಆ ಕಡೆ ನೋಡ್ತು. ಅದು ಉತ್ತರ ಕೊಡಲಿಲ್ಲ. ಬೆದೆಗೆ ಬಂದ ಗಂಡು ಇನ್ನೊಂದು ಗಂಡಿನ ಕೂಗಿಗೆ ಉತ್ತರ ಕೊಡದೆ ಇರುತ್ತಾ? ಇದು ನಿನ್ನನ್ನ ಕೇಳ್ತಿರೋ ಪ್ರಶ್ನೆ, ನಿನಗೆ ಗೊತ್ತಿರುತ್ತೆ. ಆದ್ರೆ ಉತ್ತರ ಬೇಡ.

ಆಮೇಲೆ ಮೇಲಿಂದ ನೀನು ಕಿರುಚ್ಕೊಂಡು ಇಳಿದೆ. ಗಂಡು ಒಂದೇ ನೆಗೆತಕ್ಕೆ ಮಾಯ. ಕಲ್ಲು ಉರುಳ್ತಿತ್ತು, ಕೊಂಬೆ ಮುರೀತಿತ್ತು, ಎರಡು ಸಲ ನೀನು ಬಿದ್ದಿದ್ದು ಕೇಳಿಸ್ತು. ನನ್ನ ಹೆಸರು ಕೂಗ್ತಿದ್ದೀಯ, ನನಗೇನೋ ಆಯ್ತು ಅಂತ ಓಡಿ ಬರ್ತಿದ್ದೀಯ ಅಂದ್ಕೊಂಡು ನಾನು ಎದ್ದು ನಿಂತೆ. ನೀನು ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಹಾದು ಹೋದೆ. ನೋಡಲಿಲ್ಲ. ನೀನು ಕೂಗ್ತಿದ್ದಿದ್ದು ನನ್ನ ಹೆಸರಲ್ಲ. "ಗಾರ್ತ್ ಭಾವ, ಬಂದೆ, ಅಲ್ಲಾಡಬೇಡ, ಬಂದೆ" ಅಂತಿದ್ದೆ.

ನಾನು ಹಿಂದೇನೇ ಬಂದೆ. ನಿನಗೆ ಗೊತ್ತಾಗಲಿಲ್ಲ. ಆ ಬಿದ್ದ ಮರದ ಪಕ್ಕ ನೀನು ಮಂಡಿ ಊರಿ, ಕೋಟು ಬಿಚ್ಚಿ ನೆಲಕ್ಕೆ ಹೊದಿಸಿದೆ. ಅಂಚು ಒಳಗೆ ಸೇರಿಸಿದೆ, ಗಾಳಿ ನುಗ್ಗದ ಹಾಗೆ. ಏನೋ ಮಾತಾಡ್ತಿದ್ದೆ, ನನಗೆ ಕೇಳಿಸಲಿಲ್ಲ, ಕೇಳಿಸ್ಕೊಬಾರದು ಅಂತ ಸ್ವಲ್ಪ ದೂರಾನೇ ನಿಂತೆ. ಮತ್ತೆ ಕೂಗು ಬರಲಿಲ್ಲ. ಮೂರನೇದು ಬರಲಿಲ್ಲ ಮಾಮ, ನೀನು ಗಮನಿಸಿದ್ಯೋ ಇಲ್ವೋ. ಎರಡಕ್ಕೇ ನಿಂತು ಹೋಯ್ತು.

ಕೋಟು ಮರೆತು ಬಂದೆ ಅಂದೆ ಟ್ರಕ್ಕಲ್ಲಿ, ನಡುಗ್ತಾ. ಮರೆತಿದ್ದಲ್ಲ. ನೀನು ಎದ್ದು ಹೋದಮೇಲೆ ಅದು ಅಲ್ಲಿರೋದು ನಾನು ನೋಡಿದೆ. ತಗೊಳ್ಳಲಿಲ್ಲ.

ನಿನ್ನನ್ನ ಕ್ಷಮಿಸಿದ್ದೀನಾ ಅಂತ ಕೇಳಿದೆ. ಗೊತ್ತಿಲ್ಲ. ಬೆಳಗ್ಗೆ ಎದ್ದಾಗ ಹೌದು ಅನ್ಸುತ್ತೆ, ಮಧ್ಯಾಹ್ನ ಬೆಲ್ಟಿನ ಮುಂದೆ ನಿಂತಾಗ ಇಲ್ಲ ಅನ್ಸುತ್ತೆ. ಆದ್ರೆ ನೀನು ಬಿಟ್ಟು ಬಂದೆ ಅಂತ ಎರಡು ವರ್ಷ ಅಂದ್ಕೊಂಡಿದ್ನಲ್ಲ, ಅದನ್ನ ಇನ್ನು ಅಂದ್ಕೊಳ್ಳೋಕೆ ಆಗ್ತಿಲ್ಲ. ನೀನು ಇಳಿದು ಬಂದಿದ್ದನ್ನ ನಾನು ಕಣ್ಣಾರೆ ನೋಡಿದ್ದೀನಿ.

ಅಮ್ಮಂಗೆ ನಾನು ಏನೂ ಹೇಳಿಲ್ಲ. ಫೋನಲ್ಲಿ ಕೇಳಿದ್ಲು, ಬೇಟೆ ಏನಾಯ್ತು ಅಂತ. ಮಾಮ ಬಂದು ಹೇಳ್ತಾನೆ ಅಂದೆ. ಕಾಯ್ತಿದ್ದಾಳೆ. ಇದನ್ನ ವಾಯ್ಸ್ ನೋಟಲ್ಲಿ ಹೇಳಬೇಡ, ಹೋಗು. ಹೋದ ತಕ್ಷಣ ಬಾ ಊಟಕ್ಕೆ ಕೂತ್ಕೋ ಅಂತಾಳೆ. ಕೂರಬೇಡ. ನಿಂತ್ಕೊಂಡೇ ಎಲ್ಲ ಹೇಳು, ಅಪ್ಪ ಹನ್ನೆರಡು ಗಂಟೆ ಬದುಕಿದ್ದಿದ್ದೂ ಹೇಳು. ಆಮೇಲೂ ಅವಳು ಬಡಿಸಿದ್ರೆ, ತಿನ್ನು.

ಸಿಗ್ನೆ